ಬರ್ಲಿನ್ ಶಿಫ್ಟು

ಭದ್ರಾವತಿಯಲ್ಲಿ ಹೊಸಬರ ಬಗ್ಗೆ ತಿಳಿಯಬೇಕಾದರೆ ಮೊದಲು ಕೇಳುತ್ತಿದ್ದದ್ದು ಊರನ್ನಲ್ಲ, ಸಂಬಳವನ್ನೂ ಅಲ್ಲ. ‘ಯಾವ ಶಿಫ್ಟು?’ ಅಂತ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಈ ಊರು ಉಂಡದ್ದು, ಮಲಗಿದ್ದು, ಮಕ್ಕಳ ಬಾಯಿ ಮುಚ್ಚಿಸಿದ್ದು ಎಲ್ಲವೂ ಸೈರನ್ನಿನ ಲೆಕ್ಕದಲ್ಲೇ. ಆದ್ದರಿಂದ ಜನ್ನಾಪುರದ ನಮ್ಮ ಬೀದಿಯ ಮಹಡಿಮನೆ ಹುಡುಗ ಮಧ್ಯಾಹ್ನ ಹನ್ನೆರಡಕ್ಕೆ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜತೊಡಗಿದಾಗ ಯಾರೂ ಹುಬ್ಬೇರಿಸಲಿಲ್ಲ. ‘ಬರ್ಲಿನ್ ಶಿಫ್ಟು’ ಎಂದರು ಅವನಪ್ಪ. ಓಹೋ ಎಂದಿತು ಬೀದಿ.

ಇಂಥವರು ಈಗ ಬೀದಿಗೊಬ್ಬರು. 2020ರಲ್ಲಿ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಬೆಂಗಳೂರಿನಿಂದ ಬಂದವರಲ್ಲಿ ಒಂದಷ್ಟು ಜನ ವಾಪಸು ಹೋಗಲೇ ಇಲ್ಲ. ಶಿವಮೊಗ್ಗದ ವಿನೋಬನಗರದಲ್ಲಿದ್ದಾರೆ, ಗೋಪಾಳದಲ್ಲಿದ್ದಾರೆ, ತೀರ್ಥಹಳ್ಳಿ ಕಡೆ ಅಡಿಕೆ ಚಪ್ಪರದ ಮಗ್ಗುಲಿನ ಉಪ್ಪರಿಗೆಯಲ್ಲೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಕ್ರಾಪಿನ ನಡುವೆ ಹೆಡ್‌ಫೋನ್ ಕೂತ ಅಡ್ಡಗೆರೆ. ದನಿ ಮೂರು: ಅಮ್ಮನ ಹತ್ತಿರ ಒಂದು, ಬಸ್ಸಿನ ಕಂಡಕ್ಟರ್ ಹತ್ತಿರ ಇನ್ನೊಂದು, ಮಹಡಿಯ ಬಾಗಿಲು ಹಾಕಿಕೊಂಡ ಮೇಲೆ ಮೂಗಿನಿಂದ ಮತ್ತೊಂದು. ಊರೆಲ್ಲ ಪಂಚಾಂಗ ನೋಡಿದರೆ ಇವನು ಇನ್ನೊಂದು ಪಂಚಾಂಗ ನೋಡುತ್ತಾನೆ. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಮೆರಿಕದವರು ಅದನ್ನೇ ನವೆಂಬರಿನ ಮೊದಲ ಭಾನುವಾರ ಮಾಡುತ್ತಾರೆ. ನಡುವಿನ ಆ ಒಂದು ವಾರ ಇವನು ಯಾವ ದೇಶಕ್ಕೂ ಸರಿಯಾದ ಹೊತ್ತಿಗೆ ಸಿಗುವುದಿಲ್ಲ. ಅಮ್ಮನ ಸಾರಿಗಂತೂ ವರ್ಷವಿಡೀ ಸಿಗುವುದಿಲ್ಲ.

ನಿಮ್ಮ ಊರೆಲ್ಲಿ ಎಂದು ಸಹೋದ್ಯೋಗಿಗಳು ಕೇಳಿದರೆ ಮೊದಮೊದಲು ‘ಬೆಂಗಳೂರಿನ ಹತ್ತಿರ’ ಅನ್ನುತ್ತಿದ್ದ. ‘ಇನ್ನೂರೈವತ್ತು ಕಿಲೋಮೀಟರ್ ದೂರ ಇರೋರು ನಾವೇ ಹತ್ತಿರ ಅಂದ್ರೆ ತುಮಕೂರಿನವರು ಎಂತ ಅನ್ಬೇಕೋ?’ ಎಂದು ಅಪ್ಪ ತಡೆದರು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ತೊಂದರೆ ತಪ್ಪಿತು. ಈಗ ‘ಏರ್‌ಪೋರ್ಟಿನ ಹತ್ತಿರ’ ಅನ್ನುತ್ತಾನೆ. ಯಾವ ಏರ್‌ಪೋರ್ಟು ಎಂದು ಬರ್ಲಿನ್ನಿನವರು ಕೇಳುವುದಿಲ್ಲ.

ಹೆಣ್ಣಿನ ಕಡೆಯವರು ಕೇಳುತ್ತಾರೆ. ಸಾಗರದಿಂದ ಬಂದಿದ್ದವರು ಕಾಫಿ ಲೋಟ ಕೆಳಗಿಡುತ್ತ, ‘ಆಫೀಸು ಎಲ್ಲಿ ಅಂದ್ರಿ?’ ಎಂದರು. ಆಫೀಸೇ ಇಲ್ಲ, ಎಲ್ಲರೂ ಅವರವರ ಮನೆಯಲ್ಲಿದ್ದಾರೆ ಎಂದ. ಮುಚ್ಚಿಹೋಯಿತೇ ಎಂದು ಅವರು ಮರುಗಿದರು. ಗಿಟ್‌ಲ್ಯಾಬ್ ಎಂಬ ಕಂಪನಿ ಕಚೇರಿಯೇ ಇಲ್ಲದೆ ಎಷ್ಟೊಂದು ದೇಶಗಳ ಜನರಿಂದ ಕೆಲಸ ನಡೆಸುತ್ತಿದೆ ಎಂದು ಇವನು ಉದಾಹರಣೆ ಕೊಟ್ಟ. ಪೇಪರ್ ಮಿಲ್ ನಿಂತುಹೋದದ್ದನ್ನು ಕಂಡ ಊರಿನಲ್ಲಿ ಕೂತು ಕೊಡುವಂಥ ಉದಾಹರಣೆ ಅದಲ್ಲ. ಸಾಗರದಿಂದ ಮತ್ತೆ ಫೋನ್ ಬರಲಿಲ್ಲ.

ಕಂಪನಿಗೂ ಒಂದು ಚಿಂತೆ ಇತ್ತು. ನಾಲ್ಕು ದೇಶಗಳಲ್ಲಿ ಹಂಚಿಹೋದವರು ಒಬ್ಬರಿಗೊಬ್ಬರು ಏನೂ ಆಗುತ್ತಿಲ್ಲವಲ್ಲ ಎಂದು. ಹಾಗಾಗಿ ಪ್ರತಿ ಶುಕ್ರವಾರ ಅರ್ಧ ಗಂಟೆ ಆತ್ಮೀಯತೆಗೆ ಮೀಸಲಾಯಿತು. ನಮ್ಮವನು ಅದಕ್ಕೆ ಗುರುವಾರವೇ ತಯಾರಿ ನಡೆಸುತ್ತಾನೆ, ನಗುವುದನ್ನೂ ಸೇರಿಸಿ.

ಒಂದು ಶುಕ್ರವಾರ ಎಲ್ಲರಿಗೂ ಕೇಳಿದ ಪ್ರಶ್ನೆ: ನೀವು ತರಕಾರಿಯಾಗಿದ್ದರೆ ಯಾವ ತರಕಾರಿ? ಇವನು ಬ್ರೊಕೋಲಿ ಎಂದ. ಅವರಿಗೆ ಅರ್ಥವಾಗಲಿ ಎಂದು. ಬಟ್ಟೆ ಒಣಹಾಕಲು ಬಂದಿದ್ದ ಅಮ್ಮನಿಗೆ ಅದು ಬಹಳ ದಿನ ಚುಚ್ಚಿತು. ‘ಹೀರೇಕಾಯಿ ಅನ್ನೋಕೆ ನಾಚಿಕೆನಾ ನಿನಗೆ?’

ಇನ್ನೊಂದು ಶುಕ್ರವಾರ ನಿಮ್ಮೂರು ತೋರಿಸಿ ಎಂದರು. ಬೆನ್ನ ಹಿಂದೆ ಜೋಗದ ಚಿತ್ರ ಹಾಕಿಕೊಂಡ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತಿವೆ, ನಡುವೆ ಇವನ ಕಿವಿಯ ಅಂಚು ಆಗಾಗ ನೀರಿನಲ್ಲಿ ಕರಗುತ್ತಿದೆ. ಬ್ರೆಜಿಲಿನವನು ಮನಸೋತು ಏಪ್ರಿಲ್ಲಿನಲ್ಲಿ ಬರಲೇ ಎಂದ. ನಮ್ಮವನು ಬೆವರಿದ. ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಬೇಸಿಗೆಯ ಜೋಗದಲ್ಲಿ ಮುಖ್ಯವಾಗಿ ಕಾಣಸಿಗುವುದು ಬಂಡೆ. ಅದನ್ನು ವಿವರಿಸುವಷ್ಟರಲ್ಲಿ ಅರ್ಧ ಗಂಟೆ ಮುಗಿದು ಆತ್ಮೀಯತೆ ತಾನಾಗಿಯೇ ಕಟ್ ಆಯಿತು.

ಸ್ಲ್ಯಾಕ್‌ನಲ್ಲಿ ಡೋನಟ್ ಎಂಬ ಏರ್ಪಾಡೂ ಇದೆ. ಪರಿಚಯವಿಲ್ಲದ ಇಬ್ಬರನ್ನು ತಾನೇ ಜೋಡಿ ಮಾಡಿ, ಮಾತಾಡಿಕೊಳ್ಳಿ ಎಂದು ಬಿಟ್ಟುಬಿಡುತ್ತದೆ. ‘ಜಾತಕ ನೋಡ್ತದೇನೋ?’ ಎಂದರು ಅಪ್ಪ. ಮೂರು ತಿಂಗಳಿಗೊಮ್ಮೆ ಸಮೀಕ್ಷೆಯ ಕಾಗದ ಬರುತ್ತದೆ. ಕೆಲಸದ ಜಾಗದಲ್ಲಿ ನಿಮಗೊಬ್ಬ ಅತ್ಯಾಪ್ತ ಗೆಳೆಯ ಇದ್ದಾನೆಯೇ ಎಂಬುದು ಅದರಲ್ಲೊಂದು ಪ್ರಶ್ನೆ. ಇದು ಅಮೆರಿಕದ ಗ್ಯಾಲಪ್ ಸಂಸ್ಥೆಯ ಹನ್ನೆರಡು ಪ್ರಶ್ನೆಗಳ ಹೆಸರುವಾಸಿ ಪಟ್ಟಿಯಿಂದ ಇಳಿದು ಬಂದದ್ದು. ಅಪ್ಪ ಕನ್ನಡಕ ಏರಿಸಿ ಓದಿದರು. ‘ಇದ್ದಾನೆ ಅಂತ ಬರೆದುಕೊಟ್ರೆ ನಾಳೆ ಇಬ್ಬರನ್ನೂ ಬೇರೆ ಬೇರೆ ಶಿಫ್ಟಿಗೆ ಹಾಕ್ತಾರೆ. ಇಲ್ಲ ಅಂತ ಬರಿ.’ ಯೂನಿಯನ್‌ನಲ್ಲಿ ಪಳಗಿದ ಬುದ್ಧಿ.

ಅಪ್ಪನಿಗೆ ಮಗನ ತಂಡದ ಮೇಲೆ ನಂಬಿಕೆ ಬಾರದ್ದಕ್ಕೆ ಕಾರಣ ಬೇರೆಯೇ ಇತ್ತು.

‘ನಿನ್ನ ಮ್ಯಾನೇಜರನ್ನ ನೋಡಿದ್ದೀಯೇನೋ?’

‘ದಿನಾ ನೋಡ್ತೀನಲ್ಲಪ್ಪ.’

‘ಎಷ್ಟುದ್ದ ಇದ್ದಾನೆ?’

ಮಗ ಯೋಚಿಸಿದ. ಮ್ಯಾನೇಜರನ್ನು ಎದೆಯಿಂದ ಮೇಲಕ್ಕೆ ಮಾತ್ರ ನೋಡಿದ್ದ.

‘ನೋಡು, ನಮ್ಮ ಫೋರ್‌ಮನ್ ನಡೆಯೋ ಬೂಟಿನ ಸದ್ದಲ್ಲೇ ಅವನ ಮನೇಲಿ ಜಗಳ ಆಗಿದೆಯೋ ಇಲ್ಲವೋ ಹೇಳ್ತಿದ್ವಿ. ನಿಮ್ಮವನಿಗೆ ಕಾಲಿದೆ ಅನ್ನೋದಕ್ಕೇ ಸಾಕ್ಷಿ ಇಲ್ಲ.’

ಅಪ್ಪನ ತಂಡವೂ ಒಂದು ಬಗೆಯಲ್ಲಿ ಅಂತಾರಾಷ್ಟ್ರೀಯವೇ. ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಿನವರು ಎಲ್ಲ ಒಂದೇ ಕುಲುಮೆಯ ಎದುರು. ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ಮೊದಲು ಕಲಿತದ್ದು ಬೈಗುಳ, ಆಮೇಲೆ ಸಾಲ ಕೇಳುವುದು. ‘ಕಬ್ಬಿಣ ಕರಗಿ ಇಳಿಯೋ ತನಕ ಮಾಡೋಕೆ ಎಂತದೂ ಇರ್ತಿರಲಿಲ್ಲ. ಆವಾಗಲೇ ಎಲ್ಲ ಸ್ನೇಹ ಆದದ್ದು. ನಿಮಗೆ ಸುಮ್ಮನೆ ಕೂರೋಕೆ ಪುರುಸೊತ್ತೇ ಕೊಡಲ್ಲ, ಇನ್ನೆಂತ ಸ್ನೇಹ?’ ಎಂಬುದು ಅವರ ವಾದ. ಅವರ ನೆನಪಿನಲ್ಲಿ ಕಾರ್ಖಾನೆ ದಿನದಿನಕ್ಕೂ ಚೆಂದವಾಗುತ್ತಿದೆ ಎಂಬ ಗುಮಾನಿ ನನಗಿದೆ. ಆದರೂ ಮುಂದೆ ನಡೆದದ್ದನ್ನು ಹೇಳಬೇಕು. ಮರುದಿನ ವಾಕಿಂಗಿನಲ್ಲಿ ಅವರೇ ಹೇಳಿದ್ದು.

ಒಂದು ರಾತ್ರಿ ಸರ್ವರ್ ಬಿದ್ದುಹೋಯಿತು. ಎಲ್ಲರೂ ಕಾಲ್‌ನಲ್ಲಿದ್ದಾರೆ. ರಿಪೇರಿ ಮಾಡಬೇಕಾದವರು ಯಾವುದೋ ಇನ್ನೊಂದು ಕಂಪನಿಯವರು. ಇವರಿಗೆ ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಬೆನ್ನ ಹಿಂದಿನ ಜೋಗವನ್ನು ತೆಗೆಯಲೂ ಮನಸ್ಸಿಲ್ಲದೆ ನಮ್ಮವನು ಆಕಳಿಸುತ್ತಿದ್ದ. ಪೋಲೆಂಡಿನ ಹುಡುಗಿ, ತಾನಿರುವುದು ಕ್ರಾಕೋವ್ ನಗರದ ನೋವಾ ಹುತಾ ಎಂಬಲ್ಲಿ, ಉಕ್ಕಿನ ಕಾರ್ಖಾನೆಗಾಗಿಯೇ 1949ರಿಂದ ಕಟ್ಟಿದ ಊರು, ಅಜ್ಜ ಅಲ್ಲೇ ದುಡಿದದ್ದು ಎಂದಳು. ಹೀಗೇ ಹೊತ್ತು ಹೋಗದೆ ಆಡಿದ ಮಾತು. ಫ್ಯಾನ್ ಆರಿಸಲೆಂದು ಬಂದಿದ್ದ ಅಪ್ಪನ ಕಿವಿಗೆ ‘ಬ್ಲಾಸ್ಟ್ ಫರ್ನೇಸ್’ ಎಂಬ ಎರಡು ಶಬ್ದ ಬಿದ್ದವು.

ಪಂಚೆ ಸರಿಪಡಿಸಿಕೊಂಡು ಕ್ಯಾಮೆರಾದ ಮುಂದೆ ಕೂತೇಬಿಟ್ಟರು. ಹುಡುಗಿ ಅಜ್ಜನನ್ನು ಎಬ್ಬಿಸಿ ಕರೆತಂದಳು. ಅಜ್ಜನ ಪೋಲಿಷ್ ಅವಳ ಬಾಯಲ್ಲಿ ಇಂಗ್ಲಿಷಾಗಿ ನಮ್ಮವನ ಬಾಯಲ್ಲಿ ಕನ್ನಡವಾಗುತ್ತಿತ್ತು. ನಮ್ಮ ಕುಲುಮೆ ಶುರುವಾದದ್ದು ಇದ್ದಿಲಿನಲ್ಲಿ, ಮಲೆನಾಡಿನ ಕಾಡಿನ ಕಟ್ಟಿಗೆ ಸುಟ್ಟ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯದು ಎಂದರು ಅಪ್ಪ. ಅಜ್ಜ ನಂಬಲಿಲ್ಲ. ಕಲ್ಲಿದ್ದಲಿನ ಕೋಕ್ ಇಲ್ಲದೆ ಎಂಥ ಕಬ್ಬಿಣ, ಇದ್ದಿಲಿನಲ್ಲಿ ಆಲೂಗಡ್ಡೆ ಸುಡಬಹುದು ಎಂದರು. ಮಗ ಆಲೂಗಡ್ಡೆಯನ್ನು ನುಂಗಿಕೊಂಡು ಅನುವಾದ ಮಾಡಲು ನೋಡಿದ. ಅಪ್ಪ ಬಿಡಲಿಲ್ಲ, ಅಜ್ಜನ ಮುಖವೇ ಎಲ್ಲ ಹೇಳಿತ್ತು. ಆಗ ಅಷ್ಟು ಹೊತ್ತು ಸುಮ್ಮನಿದ್ದ ಬ್ರೆಜಿಲಿನವನು ಬಾಯಿ ಹಾಕಿದ. ಅವನ ಮಿನಾಸ್ ಜೆರೈಸ್ ಸೀಮೆಯಲ್ಲಿ ಇವತ್ತಿಗೂ ನೀಲಗಿರಿ ಮರದ ಇದ್ದಿಲಿನಿಂದಲೇ ಬೀಡುಕಬ್ಬಿಣ ಕರಗಿಸುತ್ತಾರಂತೆ.

‘ಕೇಳಿಸ್ತೇನೋ? ಬ್ರೆಜಿಲ್ ನಮ್ಮ ಪಾರ್ಟಿ!’ ಅಪ್ಪನ ಕೂಗಿಗೆ ಬೀದಿಯ ನಾಯಿಗಳು ಎದ್ದವು.

ಆಮೇಲೆ ಮಾತು ತಗ್ಗಿತು. 2019ರಲ್ಲಿ ಆರಿಸಿದ ಕುಲುಮೆಯನ್ನು ಮತ್ತೆ ಹೊತ್ತಿಸುವುದಿಲ್ಲವೆಂದು ಮರುವರ್ಷ ತೀರ್ಮಾನಿಸಿದರು ಎಂದರು ಅಜ್ಜ. ನಮ್ಮದನ್ನೂ 2023ರ ಜನವರಿಯಲ್ಲಿ ಮುಚ್ಚುತ್ತೇವೆಂದರು, ಗುತ್ತಿಗೆ ಹುಡುಗರು ಧರಣಿ ಕೂತರು ಎಂದರು ಅಪ್ಪ. ಇಬ್ಬರೂ ಸೇರಿ ಆಡಳಿತವರ್ಗವನ್ನು ಬೈದರು. ಬರ್ಲಿನ್ನಿನ ಮ್ಯಾನೇಜರ್ ತಾನೂ ಆಡಳಿತವರ್ಗವೆಂದು ಹೊಳೆದು ಮೈಕ್ ಆರಿಸಿಕೊಂಡನಂತೆ. ಸರ್ವರ್ ಯಾವಾಗಲೋ ಎದ್ದಿತ್ತು. ಮುಕ್ಕಾಲು ಗಂಟೆ ಯಾರೂ ಗಮನಿಸಿರಲಿಲ್ಲ.

ಮುಂದಿನ ಶುಕ್ರವಾರದ ಅರ್ಧ ಗಂಟೆಗೆ ಪ್ರಶ್ನೆ ತಯಾರಿರಲಿಲ್ಲ, ತರಕಾರಿಯೂ ಇರಲಿಲ್ಲ. ‘ನಿಮ್ಮ ತಂದೆ ಬರುವುದಿಲ್ಲವೇ?’ ಎಂದು ಮ್ಯಾನೇಜರ್ ಕೇಳಿದ. ಅಜ್ಜ ಹಳೇ ಫೋಟೋ ಹಿಡಿದುಕೊಂಡು ಕಾಯುತ್ತಿದ್ದರು. ನಮ್ಮವನು ಮೂಗಿನ ದನಿಯನ್ನು ಮರೆತು ಮೆಟ್ಟಿಲ ಮೇಲಿನಿಂದ ಕೂಗಿದ: ‘ಅಪ್ಪಾ, ಬರ್ಬೇಕಂತೆ, ಎಲ್ಲ ಕಾಯ್ತಿದ್ದಾರೆ!’

ಜಗಲಿಯಲ್ಲಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

‘ನಾನು ರಿಟೈರ್ಡು. ಬಂದರೆ ಓವರ್‌ಟೈಮು. ಕಾಯ್ದೆ ಪ್ರಕಾರ ಡಬಲ್ ಕೊಡ್ತಾರಾ ಕೇಳು.’