ಐದು ನಿಮಿಷದ ಸಮಾಜ ಸುಧಾರಕ

ನಂಜನಗೂಡಾಗಲಿ ಟಿ. ನರಸೀಪುರವಾಗಲಿ, ಯಾವ ಡಿಗ್ರಿ ಕಾಲೇಜಿನ ಗೇಟು ದಾಟಿದರೂ ಅವನು ಸಿಗುತ್ತಾನೆ. ಬಿ.ಎ. ಕೊನೆಯ ವರ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಹಾಲ್ ಟಿಕೆಟ್ ಇಲ್ಲದೆ ಇರಬಹುದು, ಪ್ರಶಸ್ತಿ ಪತ್ರಗಳಂತೂ ಇದ್ದೇ ಇರುತ್ತವೆ. ವರದಕ್ಷಿಣೆಗೆ ಪ್ರಥಮ, ನಿರುದ್ಯೋಗಕ್ಕೆ ದ್ವಿತೀಯ, ಭ್ರಷ್ಟಾಚಾರಕ್ಕೆ ಸಮಾಧಾನಕರ.

ಅವನ ನಿಜವಾದ ಹೆಸರನ್ನು ಗೆಳೆಯರು ಬಿಟ್ಟು ಬಹಳ ದಿನವಾಯಿತು. ಯಾವ ವಿಷಯ ಕೊಟ್ಟರೂ ‘ಇದು ಇಂದಿನ ಸಮಾಜದ ಜ್ವಲಂತ ಸಮಸ್ಯೆ’ ಎಂದೇ ಬಾಯಿ ತೆರೆಯುವುದರಿಂದ ಕಾಲೇಜಿಗೆಲ್ಲ ಅವನು ಜ್ವಲಂತ. ‘ಲೋ ಜ್ವಲಂತ, ಟೀಗೆ ಬತ್ತಿಯೇನ್ಲಾ?’ ಅಂದರೆ ತಕ್ಷಣ ತಿರುಗುತ್ತಾನೆ. ಹಾಜರಿ ಪುಸ್ತಕದ ಹೆಸರು ಕೂಗಿದರೆ ಪಕ್ಕದವನು ತಿವಿಯಬೇಕು.

ಸಮಸ್ಯೆಗಳು ಅವನ ಪಾಲಿಗೆ ತಾರೀಖಿನ ಪ್ರಕಾರ ಬರುತ್ತವೆ. ಜೂನ್ 5ಕ್ಕೆ ಪರಿಸರ ನಾಶವಾಗುತ್ತದೆ. ಜೂನ್ 26ಕ್ಕೆ ಯುವಜನರು ಮಾದಕ ವಸ್ತುಗಳ ದಾಸರಾಗುತ್ತಾರೆ. ಜುಲೈ 11ಕ್ಕೆ ಜನಸಂಖ್ಯೆ ಸ್ಫೋಟಿಸುತ್ತದೆ. ಡಿಸೆಂಬರ್ 1ಕ್ಕೆ ಏಡ್ಸ್, ಜನವರಿ 12ಕ್ಕೆ ವಿವೇಕಾನಂದರು, ಜನವರಿ 25ಕ್ಕೆ ಮತದಾನದ ಪಾವಿತ್ರ್ಯ, ಮಾರ್ಚ್ 8ಕ್ಕೆ ಮಹಿಳೆ. ಮಾರ್ಚ್ 9ರ ಬೆಳಿಗ್ಗೆ ಅವನ ಫೈಲಿನ ಮಹಿಳೆಗೆ ಯಾವ ತೊಂದರೆಯೂ ಉಳಿದಿರುವುದಿಲ್ಲ. ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ಹಿಂದಿಕ್ಕಿತೆಂದು ವಿಶ್ವಸಂಸ್ಥೆಯ ಅಂದಾಜು 2023ರಲ್ಲೇ ಹೇಳಿತು. ಜ್ವಲಂತನ ಭಾಷಣದಲ್ಲಿ ಮಾತ್ರ ನಾವಿನ್ನೂ ಎರಡನೇ ಸ್ಥಾನದಲ್ಲಿದ್ದೇವೆ. ಆ ಭಾಷಣ ಅವನಿಗೆ ಬಂದದ್ದು ಒಬ್ಬ ಸೀನಿಯರ್‌ನಿಂದ, ಸೀನಿಯರ್‌ಗೆ ಬಂದದ್ದು ಅವನ ಅಕ್ಕನಿಂದ. ಪಿತ್ರಾರ್ಜಿತ ಆಸ್ತಿಯನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಸ್ಪರ್ಧೆಯ ಕಾಲಾವಕಾಶ ಐದು ನಿಮಿಷ, ನಾಲ್ಕನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ. ಮೊದಲ ಎರಡು ನಿಮಿಷ ಕಾರಣ, ಮುಂದಿನ ಎರಡು ಪರಿಣಾಮ, ಗಂಟೆಯಾದ ಮೇಲೆ ಪರಿಹಾರ. ಪರಿಹಾರವಂತೂ ಎಲ್ಲದಕ್ಕೂ ಒಂದೇ: ಯುವಜನರು ಎಚ್ಚೆತ್ತುಕೊಳ್ಳಬೇಕು. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು, ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಎಂದು ಅವನು ಗುಡುಗುವಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಾರೆ. ಚಿಕ್ಕಪ್ಪನ ಮಗನಿಗೆ ಮದುವೆಯಲ್ಲಿ ಬಂದ ಬೈಕು ಮಾತ್ರ ‘ಹುಡುಗಿ ಮನೆಯವರು ಪ್ರೀತಿಯಿಂದ ಕೊಟ್ಟದ್ದು’. ಅದರ ಹಿಂದಿನ ಸೀಟಿನಲ್ಲಿ ಕೂತೇ ಜ್ವಲಂತ ಮೈಸೂರಿನ ಸ್ಪರ್ಧೆಗೆ ಹೋಗಿ ಬರುತ್ತಾನೆ.

ಭಾಷಣಕ್ಕಿಂತಲೂ ಅವನು ಕಳೆಗಟ್ಟುವುದು ಚರ್ಚಾ ಸ್ಪರ್ಧೆಯಲ್ಲಿ. ಪರವೋ ವಿರೋಧವೋ ಚೀಟಿ ಎತ್ತಿ ತೀರ್ಮಾನವಾಗುತ್ತದೆ, ಅಭಿಪ್ರಾಯ ಆಮೇಲೆ ಬರುತ್ತದೆ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತಲ್ಲ, ಆಮೇಲೆ ಜಿಲ್ಲೆಯ ಚರ್ಚಾ ಸ್ಪರ್ಧೆಗಳಿಗೆ ಒಳ್ಳೆಯ ವಿಷಯ ಸಿಕ್ಕಿತು. ಜ್ವಲಂತ ಅದರ ಪರವಾಗಿ ಮಾತನಾಡಿ ನಂಜನಗೂಡಿನಲ್ಲಿ ಗೆದ್ದ, ವಿರೋಧವಾಗಿ ಮಾತನಾಡಿ ನರಸೀಪುರದಲ್ಲಿ ಗೆದ್ದ. ಎರಡೂ ಕಡೆ ಒಂದೇ ಬಗೆಯ ಸ್ಟೀಲ್ ಲೋಟ ಕೊಟ್ಟರು.

ಎರಡನ್ನೂ ಕೇಳಿಸಿಕೊಂಡಿದ್ದ ಸಹಪಾಠಿಯೊಬ್ಬಳು ಕ್ಯಾಂಟೀನಿನಲ್ಲಿ ಹಿಡಿದುಕೊಂಡಳು. ‘ಪರವಾಗಿ ಮಾತಾಡ್ದಾಗ ನಾನು ಅಬಲೆ. ವಿರೋಧವಾಗಿ ಮಾತಾಡ್ದಾಗ ನಾನು ಬಿಟ್ಟಿ ಗಿರಾಕಿ. ಬೆಳಿಗ್ಗೆ ಎದ್ದು ಕಾಲೇಜಿಗೆ ಬರೋ ಹುಡ್ಗಿ ಅನ್ನೋದು ಯಾವ ಕಡೆ ಬತ್ತದೆ ಹೇಳಪ್ಪ?’ ಪಿಯುಸಿಗೇ ಓದು ನಿಲ್ಲಿಸಬೇಕೆಂದಿದ್ದ ಮನೆಯಲ್ಲಿ, ಬಸ್ಸಿನ ಖರ್ಚಿಲ್ಲ ಎಂಬ ಒಂದು ಮಾತು ಹಿಡಿದುಕೊಂಡು ಜಗಳವಾಡಿ ಡಿಗ್ರಿಗೆ ಬಂದವಳು ಅವಳು. ಜ್ವಲಂತ ಉತ್ತರಿಸಲು ಹೋಗಿ, ‘ಮಾನ್ಯ ಎದುರಾಳಿಗಳು...’ ಎಂದು ಶುರುಮಾಡಿದ. ಅವಳು ತನ್ನ ಟೀಯ ದುಡ್ಡು ಕೊಟ್ಟು ಹೊರಟುಹೋದಳು.

ಎರಡು ಊರಿನ ಜ್ವಲಂತರಿಗೂ ಒಳಗೊಳಗೇ ಪೈಪೋಟಿ ಇದೆ. ಕೋಯಿಕ್ಕೋಡಿನಿಂದ ಬಂಡೀಪುರ, ಗುಂಡ್ಲುಪೇಟೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡು, ಮೈಸೂರು ಮುಟ್ಟಿ ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ರಸ್ತೆ ಒಂದೇ ಆದರೂ ಸವಲತ್ತು ಒಂದೇ ಅಲ್ಲ. ನಂಜನಗೂಡಿನವನಿಗೆ ಚಾಮರಾಜನಗರ–ಮೈಸೂರು ರೈಲಿದೆ, ಬಾಗಿಲ ಬಳಿ ನಿಂತು ಭಾಷಣ ಗಟ್ಟಿ ಮಾಡಬಹುದು. ನರಸೀಪುರಕ್ಕೆ ರೈಲೇ ಇಲ್ಲ, ಅಲ್ಲಿಯವನು ಬಸ್ಸಿನ ಕಂಬಿಗೆ ಜೋತುಬಿದ್ದೇ ಬಾಯಿಪಾಠ ಮಾಡಬೇಕು. ಆದರೆ ಅವನ ಊರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆಯೂ ಇದೆ. ಫಲಿತಾಂಶದಲ್ಲಿ ಅರ್ಧ ಅಂಕ ಮೇಲಾದ ದಿನ ಅವನು ಆ ಗುಲಗಂಜಿಯನ್ನು ನೆನೆಸದೆ ಬಿಡುವುದಿಲ್ಲ.

ನಂಜನಗೂಡಿನವನು ರೈಲಿನಲ್ಲಿ ಗಟ್ಟಿ ಮಾಡುವ ಭಾಷಣ ‘ಇತಿಹಾಸದ ಪುಟಗಳನ್ನು ತಿರುವಿ ಹಾಕಿದಾಗ’ ಎಂದು ಶುರುವಾಗುತ್ತದೆ. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ, ದೇಶದ ಹಳೆಯ ಸೇತುವೆಗಳಲ್ಲೊಂದು ಅದೇ ಊರಿನಲ್ಲಿದೆ. ಹೊಳೆ ಬರುವ ಹೊತ್ತಿಗೆ ಜ್ವಲಂತ ಕಣ್ಣುಮುಚ್ಚಿ ಎರಡನೇ ಪುಟ ಒಪ್ಪಿಸುತ್ತಿರುತ್ತಾನೆ.

ಅವನ ಸಾಹಿತ್ಯಾಭಿಮಾನ ದೊಡ್ಡದು. ದೇವನೂರ ಮಹಾದೇವ ಅವರು ಹುಟ್ಟಿದ ದೇವನೂರು ನಂಜನಗೂಡು ತಾಲೂಕಿನದು, ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಎಂಬುದನ್ನು ಹೊರಗಿನ ಕಾಲೇಜಿಗೆ ಹೋದಾಗೆಲ್ಲ ಎದೆಯುಬ್ಬಿಸಿ ಹೇಳುತ್ತಾನೆ. ಓದಿದ್ದೀಯಾ ಎಂದರೆ, ‘ಭಾಷೆ ಸ್ವಲ್ಪ ಕ್ಲಿಷ್ಟ ಸಾ’ ಅನ್ನುತ್ತಾನೆ. ಆ ಕಾದಂಬರಿಯ ಮಾತು ಅವನ ಅಜ್ಜಿ ದಿನಾ ಜಗಲಿಯಲ್ಲಿ ಕೂತು ಆಡುವ ಮಾತು. ಅವನೂ ಮನೆಯಲ್ಲಿ ಆಡುವುದು ಅದನ್ನೇ. ಮೈಕು ಕಂಡ ಕೂಡಲೇ ‘ವೇದಿಕೆಯ ಮೇಲೆ ಆಸೀನರಾಗಿರುವ’ ಕನ್ನಡ ಬಂದುಬಿಡುತ್ತದೆ. ಒಮ್ಮೆ ಹಿತ್ತಲಲ್ಲಿ ನಿಂತು ಆ ದನಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅವ್ವ ಗಾಬರಿಯಾಗಿ ಹೊರಗೆ ಬಂದಳು. ‘ಯಾಕ್ ಮೊಗ, ಗಂಟ್ಲು ಕೆಟ್ಟೋಗದಾ? ಕಸಾಯ ಕಾಯಿಸ್ಕೊಡ್ಲಾ?’

ನಿರುದ್ಯೋಗದ ಭಾಷಣವನ್ನು ಅವನು ಮನೆಯಲ್ಲಿ ಅಭ್ಯಾಸ ಮಾಡುವುದಿಲ್ಲ. ಅಣ್ಣ ಇರುತ್ತಾನೆ. ಬಿ.ಕಾಂ. ಮುಗಿಸಿದ ಅಣ್ಣನಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ. ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ದುಡ್ಡು ಬರಬೇಕಾದರೆ ತನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಆಗಾಗ ಸ್ವಯಂಘೋಷಣೆ ಮಾಡಿಕೊಳ್ಳಬೇಕು. ತಾಂಡವಪುರದ ಕಡೆ ಕಾರ್ಖಾನೆಗಳಿವೆ, ಹೆಚ್ಚಿನವು ಕೇಳುವುದು ಗುತ್ತಿಗೆಯ ಕೈಗಳನ್ನು. ಜ್ವಲಂತ ವೇದಿಕೆಯ ಮೇಲೆ ಐದು ನಿಮಿಷದಲ್ಲಿ ಹೇಳುವುದನ್ನು ಅಣ್ಣ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಹೇಳುತ್ತಾನೆ. ಚಪ್ಪಾಳೆ ಇರುವುದಿಲ್ಲ.

ರೈತನ ಭಾಷಣದ್ದೂ ಇದೇ ಕಥೆ. ‘ರೈತ ದೇಶದ ಬೆನ್ನೆಲುಬು’ ಎಂಬಲ್ಲಿ ಅವನು ಕೈಯನ್ನು ಬೆನ್ನಿಗೆ ಒಯ್ದು ತೋರಿಸುವುದೂ ಉಂಟು. ತಾತನ ಹೊಲದಲ್ಲಿ ಒಂದು ಕಾಲಕ್ಕೆ ರಸಬಾಳೆ ಇತ್ತು. ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಹಣ್ಣು ಅದು, ನಂಜನಗೂಡಿನ ಹೆಸರೇ ಅದರ ಗುರುತು. ಪನಾಮಾ ಸೊರಗು ರೋಗ ಅದನ್ನು ತಿಂದುಹಾಕಿತು. ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಕೂತಿರುವುದರಿಂದ ಗಿಡ ಕಿತ್ತು ಹೊಸ ಕಂದು ನೆಟ್ಟರೂ ಬಿಡುವುದಿಲ್ಲ. ತಾತ ಇದನ್ನೆಲ್ಲ ಕೈಯಲ್ಲಿ ಮಣ್ಣು ಹಿಡಿದು ವಿವರಿಸಬಲ್ಲರು. ಮೊಮ್ಮಗ ಕೇಳಿಲ್ಲ, ‘ಸಾರ್ವಜನಿಕ ವಿಷಯ ಅಲ್ವಲ್ಲ’ ಎಂದು.

ಕಾಲೇಜಿನ ಒಳಗಿನ ಗೊಂದಲಗಳೂ ಅವನ ಕಣ್ಣಿಗೆ ಸಮಸ್ಯೆಯ ಮಟ್ಟಕ್ಕೆ ಏರುವುದಿಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಪದವಿಗೆ ನಾಲ್ಕನೇ ವರ್ಷ ಅಂಟಿಕೊಂಡಿತು. 2024–25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷಕ್ಕೆ ಮರಳಿತು. ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೂರನೇ ವರ್ಷದವರಿಗೊಂದು ಪದ್ಧತಿ, ಮೊದಲನೇ ವರ್ಷದವರಿಗೊಂದು. ಸೀನಿಯರ್ ಕೊಟ್ಟ ನೋಟ್ಸು ಜೂನಿಯರ್‌ಗೆ ಉಪಯೋಗಕ್ಕೆ ಬಾರದೆ ಸೀದಾ ಜೆರಾಕ್ಸ್ ಅಂಗಡಿಯ ತೂಕಕ್ಕೆ ಹೋಯಿತು. ‘ಇದರ ಬಗ್ಗೆ ಮಾತಾಡೋ’ ಎಂದು ಹುಡುಗರು ಹೇಳಿದರು. ‘ವಿಷಯ ಪಟ್ಟಿಯಲ್ಲಿ ಇಲ್ಲ ಕಣ್ರೋ’ ಅಂದ.

ಎನ್‌ಎಸ್‌ಎಸ್ ಶಿಬಿರದಲ್ಲಿ ಅವನಿಗೊಂದು ಪೆಟ್ಟು ಬಿತ್ತು. 1969ರಿಂದ ನಡೆದುಬಂದ ಯೋಜನೆ, ಏಳು ದಿನ ಹಳ್ಳಿಯಲ್ಲಿ ವಾಸ, ಬೆಳಿಗ್ಗೆ ಶ್ರಮದಾನ, ಸಂಜೆ ಭಾಷಣ. ಬಯಲು ಶೌಚದ ಮೇಲೆ ಅವನು ಮಾತು ಮುಗಿಸುತ್ತಿದ್ದಂತೆ ಮುಂದೆ ಕೂತಿದ್ದ ಮುದುಕಿ ಕೇಳಿದಳು: ‘ಕಕ್ಕಸ್ ಕಟ್ಟವ್ರ ಕಣ್ ಮೊಗ. ನೀರು ಮೂರ್ ದಿನಕ್ಕೊಂದಪ ಬತ್ತದ. ಕುಡ್ಯವಾ, ಅಲ್ಗ ಉಯ್ಯವಾ?’ ಜ್ವಲಂತ ಯುವಜನರು ಎಚ್ಚೆತ್ತುಕೊಳ್ಳಬೇಕು ಅಂದ. ಮುದುಕಿ ಉತ್ತರಕ್ಕಾಗಿ ಕಾಯುತ್ತಲೇ ಇದ್ದಳು. ಅಲ್ಲಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲ.

ಸ್ನಾನಘಟ್ಟದ ಸ್ವಚ್ಛತೆಯ ದಿನವೂ ಹೀಗೇ ಆಯಿತು. ಕಪಿಲೆಯಲ್ಲಿ ಮಿಂದವರು ಹಳೆಯ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುವ ರೂಢಿ. ನೆನೆದ ಸೀರೆ, ಪಂಚೆ ಎಳೆಯುವುದಕ್ಕೆ ಸೊಂಟ ಬೇಕು, ವಾಕ್ಚಾತುರ್ಯ ಸಾಲದು. ಜ್ವಲಂತ ಅರ್ಧ ಗಂಟೆ ಎಳೆದ. ಆಮೇಲೆ ‘ಪ್ರಜ್ಞಾವಂತ ನಾಗರಿಕರು’ ಎಂದು ಶುರುಮಾಡಲು ಹೋದಾಗ ಉಸಿರು ಸಾಲಲಿಲ್ಲ. ನರಸೀಪುರದವನ ಅದೃಷ್ಟ ಚೆನ್ನಾಗಿತ್ತು. 1989ರಲ್ಲಿ ಶುರುವಾದ ಅಲ್ಲಿನ ಕುಂಭಮೇಳ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದಾಗ ಅವನಿಗೆ ಎದೆಯ ಮೇಲೆ ಸ್ವಯಂಸೇವಕ ಬ್ಯಾಡ್ಜ್ ಸಿಕ್ಕಿತು. ಫೋಟೊ ಇನ್ನೂ ಅವನ ವಾಟ್ಸ್‌ಆ್ಯಪ್ ಡಿಪಿಯಲ್ಲಿದೆ.

ಇಷ್ಟಾದರೂ ಜ್ವಲಂತನನ್ನು ಕಾಲೇಜು ಬಿಟ್ಟುಕೊಡುವುದಿಲ್ಲ, ಅದಕ್ಕೆ ಕಾರಣವಿದೆ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲದಲ್ಲಿ ಅವನ ಸುತ್ತ ಜಾತ್ರೆ. ಎಸ್‌ಎಸ್‌ಪಿ ಪೋರ್ಟಲಿನ ಒಳಹೊರಗು ಅವನಿಗೆ ಗೊತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅಳಿಸಿಹೋಗಿದೆ. ಬ್ಯಾಂಕಿನಲ್ಲಿ ಖಾತೆ ಇದೆ, ಆಧಾರ್ ಜೋಡಣೆ ಇನ್ನೊಂದು ಖಾತೆಗಾಗಿದೆ, ದುಡ್ಡು ಎಲ್ಲಿಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಒಂದೊಂದನ್ನೂ ಕೂತು ಬಿಡಿಸುತ್ತಾನೆ. ಸೈಬರ್ ಸೆಂಟರಿನವನ ಜೊತೆ ಚೌಕಾಸಿ ಮಾಡುತ್ತಾನೆ, ನಾಡಕಚೇರಿಗೆ ಜೊತೆಗೆ ಹೋಗುತ್ತಾನೆ. ಆಗ ಅವನ ಬಾಯಲ್ಲಿ ಒಂದೂ ‘ಜ್ವಲಂತ’ ಬರುವುದಿಲ್ಲ, ಬರುವುದು ‘ಓಟಿಪಿ ಹೇಳ್ಲಾ ಬೇಗ’ ಮಾತ್ರ. ಹಿಂದಿನ ವರ್ಷ ಕ್ಯಾಂಟೀನಿನಲ್ಲಿ ಅವನ ಮಾತು ಕೇಳದೆ ಎದ್ದುಹೋದ ಹುಡುಗಿಯ ಅರ್ಜಿಯನ್ನೂ ಅವನೇ ಹಾಕಿಕೊಟ್ಟ. ಇದಕ್ಕೆ ಪ್ರಶಸ್ತಿ ಪತ್ರ ಇಲ್ಲವಾದ್ದರಿಂದ ಫೈಲಿನಲ್ಲಿ ಇದರ ದಾಖಲೆಯಿಲ್ಲ.

ಈ ಸೆಮಿಸ್ಟರಿನಲ್ಲಿ ಅದೇ ಹುಡುಗಿ ಅವನಿಗೊಂದು ಕೆಲಸ ಒಪ್ಪಿಸಿದಳು. ಬೆಳಗಿನ ಮೊದಲ ಪೀರಿಯಡ್ಡಿಗೆ ಸರಿಯಾಗಿ ಊರ ಕಡೆಯಿಂದ ಒಂದು ಬಸ್ಸು ಬೇಕು, ಡಿಪೊಗೆ ಮನವಿ ಬರೆ ಎಂದು. ಜ್ವಲಂತ ರಾತ್ರಿಯಿಡೀ ಕೂತು ಮೂರು ಪುಟ ಬರೆದ. ಭವ್ಯ ಭಾರತ ಮೊದಲ ಪುಟದಲ್ಲಿತ್ತು, ಗ್ರಾಮ ಸ್ವರಾಜ್ಯ ಎರಡನೆಯದರಲ್ಲಿ, ಬಸ್ಸು ಮೂರನೆಯ ಪುಟದ ಕೊನೆಯ ಸಾಲಿನಲ್ಲಿ. ಅವಳು ಪೆನ್ನು ತೆಗೆದು ಹೊಡೆಯುತ್ತಾ ಬಂದಳು. ಉಳಿದದ್ದು ನಾಲ್ಕು ಸಾಲು, ಕೆಳಗೆ ಸಹಿಗಳಿಗೆ ಜಾಗ.

ಡಿಪೊದವರು ಓದಿ ಕೇಳಿದ್ದು ಎರಡೇ ಪ್ರಶ್ನೆ: ‘ಈಗಿರೋ ಬಸ್ ನಿಮ್ಮೂರು ಬಿಡೋದು ಎಷ್ಟು ಗಂಟೆಗೆ? ಎಷ್ಟು ಜನ ಹತ್ತದೆ ಉಳೀತಾರೆ?’ ಮೂರು ವರ್ಷದಿಂದ ಅದೇ ಬಸ್ಸಿನಲ್ಲಿ ಓಡಾಡಿದವನಿಗೆ ಎರಡೂ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಅವನು ಪ್ರಶಸ್ತಿ ಪತ್ರದ ಫೈಲಿನ ಹಿಂಬದಿಗೆ ಒಂದು ಹಾಳೆ ಸಿಕ್ಕಿಸಿ ಬಸ್ ನಿಲ್ದಾಣದಲ್ಲಿ ನಿಂತು ಬರೆದುಕೊಳ್ಳತೊಡಗಿದ. ಬಂದ ಹೊತ್ತು, ಬಿಟ್ಟ ಹೊತ್ತು, ಹತ್ತಿದವರು, ಉಳಿದವರು, ಉಳಿದವರಲ್ಲಿ ಹುಡುಗಿಯರೆಷ್ಟು, ಹುಡುಗರೆಷ್ಟು. ಕಂಡಕ್ಟರ್ ಇವನನ್ನು ಚೆಕಿಂಗ್‌ನವನೆಂದು ತಿಳಿದು ಟಿಕೆಟ್ ಮಿಷನ್ನನ್ನು ಎರಡೆರಡು ಸಲ ನೋಡಿಕೊಂಡ. ಮನವಿ ಈಗ ‘ಪರಿಶೀಲನೆಯಲ್ಲಿದೆ’.

ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ಮುಂದಿನ ಚರ್ಚಾ ಸ್ಪರ್ಧೆ ಬಂತು. ಸಾಂಸ್ಕೃತಿಕ ಸಮಿತಿಯ ಮೇಷ್ಟ್ರು ಯಾರನ್ನೂ ಕೇಳದೆ ಮೊದಲ ಹೆಸರು ಅವನದೇ ಬರೆದುಕೊಂಡರು. ‘ಪರವೋ ವಿರೋಧವೋ ಹೇಳಪ್ಪ, ಈ ಸಲ ನೀನೇ ಆರಿಸ್ಕೊ.’

‘ಯಾವುದಾರ ಹಾಕ್ಕಳಿ ಸಾ,’ ಅಂದ ಜ್ವಲಂತ, ‘ಐದು ಗಂಟೆ ಒಳಗೆ ಮುಗೀತದಾ ಹೇಳಿ. ಐದೂಕಾಲಿನ ಬಸ್ಸಿಗೆ ಎಷ್ಟು ಜನ ಉಳೀತಾರೆ ಅಂತ ಇನ್ನೂ ಬರ್ಕಂಡಿಲ್ಲ.’