ಪೇಟ ಬಿಟ್ಟು ಹೋದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಕ್ರಿಯೇಟಿವ್ ಸ್ಟುಡಿಯೋಗಳ ಮಹಾಶಯರಿಗೆ,

ಚನ್ನಪಟ್ಟಣದ ಗೊಂಬೆ ಕೆಲಸದವನೊಬ್ಬನ ನಮಸ್ಕಾರ. ಇತ್ತ ಎಲ್ಲ ಕ್ಷೇಮ. ನಿಮ್ಮ ಕಡೆ ನಗೆಗೆ ಬರ ಬಿದ್ದಿದೆ ಎಂದು ಟಿವಿ ನೋಡಿ ತಿಳಿಯಿತು.

ಹಿಂದೊಮ್ಮೆ ನಿಮ್ಮ ಪೈಕಿ ಒಬ್ಬರು (ಹೆಸರು ಬೇಡ ಬಿಡಿ) ನಮ್ಮ ಶೆಡ್ಡಿಗೆ ಶೂಟಿಂಗಿಗೆ ಬಂದಿದ್ದರು. ಜೇಬಿನ ಮೊಬೈಲು ತೆಗೆಸಿದರು, ಕನ್ನಡಕವನ್ನೂ ತೆಗೆಸಿದರು. ಕನ್ನಡಕ ಇಲ್ಲದೆ ಉಳಿ ಹಿಡಿದರೆ ಬೆರಳು ಉಳಿಯುವುದಿಲ್ಲ ಅಂದೆ. "ಆಥೆಂಟಿಕ್ ಆಗಿ ಬರ್ಬೇಕು ಅಂಕಲ್" ಅನ್ನುತ್ತ ತಲೆಗೊಂದು ಕೆಂಪು ಪೇಟ ಇಟ್ಟರು. ಅಂಥದ್ದನ್ನು ನಮ್ಮ ತಾತನ ತಲೆಯ ಮೇಲೂ ನಾನು ಕಂಡವನಲ್ಲ. ಜೋಕು ಏನಪ್ಪಾ ಅಂದರೆ, ಪ್ಯಾಟೆ ಹುಡುಗಿ ಸ್ಕೂಟರಿನಲ್ಲಿ ಹಾದುಹೋಗಬೇಕು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ಲೇತಿನ ಮೇಲಿನ ಗೊಂಬೆಯ ತಲೆ ಹಾರಿಸಿಬಿಡಬೇಕು. ಹನ್ನೊಂದು ಟೇಕು, ಹನ್ನೊಂದು ತಲೆ. ಗೊಂಬೆ ಮಾಡುವ ಆಲೆಮರ ನಿಮ್ಮ ಮಾವನ ಮನೆಯದೇ?

ನಾವು ಮರವನ್ನು ಗೊಂಬೆ ಮಾಡುವವರು. ನಿಮ್ಮ ಕಲೆ ಒಂದು ಕೈ ಮೇಲು. 2023ರ ಪರಿಸರ ದಿನಕ್ಕೆ ಜೊಮ್ಯಾಟೊ ಕಂಪನಿ ತಂದ ಜಾಹೀರಾತಿನ ವಿಡಿಯೋದಲ್ಲಿ 'ಲಗಾನ್' ಚಿತ್ರದ ದಲಿತ ಪಾತ್ರ ಕಚ್ರಾನನ್ನು ಮೇಜು ಮಾಡಿದರು, ದೀಪ ಮಾಡಿದರು, ಟವೆಲ್ಲೂ ಮಾಡಿದರು. ಹೆಸರಿನ ಅರ್ಥ ಕಸ ತಾನೇ, ಕಸದಿಂದ ರಸ! ವಿಡಿಯೋ ವಾಪಸಾಯಿತು. ಮನುಷ್ಯನನ್ನು ಮೇಜು ಮಾಡುವ ಹೊತ್ತಿಗೆ ಶೂಟಿಂಗಿನಲ್ಲಿದ್ದ ಒಬ್ಬರಿಗಾದರೂ ಕೈ ನಡುಗಲಿಲ್ಲವೇ?

ನಮ್ಮ ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. ಗಂಡಸರ ಚಡ್ಡಿಯ ಎರಡು ಜಾಹೀರಾತುಗಳನ್ನು ಕೇಂದ್ರ ವಾರ್ತಾ ಇಲಾಖೆ ಟಿವಿಯಿಂದ ಇಳಿಸಿದ್ದೂ ಅದೇ ವರ್ಷ. ಅದರಲ್ಲೊಂದರಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು ನೀರಿನ ದಡದಲ್ಲಿ ಗಂಡನ ಚಡ್ಡಿ ಒಗೆಯುವುದೇ ಶೃಂಗಾರ. ಇಲ್ಲಿ ಅರ್ಕಾವತಿ ದಡದಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆದು ನೋಡಿ ಸ್ವಾಮಿ, ಶೃಂಗಾರ ಸೊಂಟಕ್ಕೆ ಬರುತ್ತದೆ.

2022ರ ಜೂನ್ ಮಾತ್ರ ನನಗೆ ಮರೆಯದು. ಟಿವಿಯಲ್ಲೊಂದು ಜಾಹೀರಾತು: ನಾಲ್ವರು ಗಂಡಸರು, ಅಂಗಡಿಯಲ್ಲಿ ಒಬ್ಬಳೇ ಹುಡುಗಿ, 'ಯಾರು ಹೊಡೆಯುವುದು' ಎಂಬ ಮಾತು. ಆಮೇಲೆ ಗೊತ್ತಾಗುತ್ತದೆ, ಮಾತು ಸೆಂಟಿನ ಬಾಟಲಿ ಬಗ್ಗೆಯಂತೆ, ನಗಬೇಕಂತೆ. ಗಲಾಟೆಯೆದ್ದ ಮೇಲೆ ಸುದ್ದಿ ಚಾನೆಲ್ಲಿನವರು ಅದನ್ನೇ ಮತ್ತೆ ಮತ್ತೆ ತೋರಿಸಿದರು. ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ನನ್ನ ಮಗಳು ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಎಡಗೈಯಲ್ಲಿ ರಿಮೋಟು ತಡಕಿ ಟಿವಿ ಆರಿಸಿದಳು. ಊಟ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಸಕಲ ಅನುಮತಿ ಪಡೆದೇ ಪ್ರಸಾರ ಮಾಡಿದ್ದೆವು ಎಂದು ಸೆಂಟಿನ ಕಂಪನಿ ಹೇಳಿಕೊಂಡಿತು. ನಿಮ್ಮ ಮೇಲೆ ಕಣ್ಣಿಡುವ ಆಸ್ಕಿ ಸಂಸ್ಥೆಯನ್ನು 1985ರಲ್ಲಿ ಕಟ್ಟಿಕೊಂಡವರೂ ಜಾಹೀರಾತಿನ ಮಂದಿಯೇ ಅಲ್ಲವೇ? ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲಿ ಗೂಡು ತಂದವನ ಮಾತು ನಂಬಿ ನೂಲು ತೆಗೆಯುವ ಯಾವ ರೀಲರೂ ಬೆಲೆ ಕಟ್ಟುವುದಿಲ್ಲ. ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡುತ್ತಾನೆ. (ಪಾಪ, ಆಸ್ಕಿಯವರು ಆ ಜಾಹೀರಾತನ್ನು ನಿಲ್ಲಿಸಿ ಎಂದದ್ದು ನಿಜ. ಅಷ್ಟು ಹೊತ್ತಿಗೆ ಅದು ಮನೆಮನೆ ಹೊಕ್ಕಾಗಿತ್ತು.)

ನಮಗೆ ನಗಲು ಬರುವುದಿಲ್ಲ ಅಂದುಕೊಳ್ಳಬೇಡಿ. ನಮ್ಮ ರಾಮನಗರದ ಬಂಡೆಗಳ ಮೇಲೆ ಬೆಲ್ಟು ಎಳೆದುಕೊಂಡು ಓಡಾಡಿದ ಗಬ್ಬರ್, 'ಶೋಲೆ' ಚಿತ್ರ ಬಂದ ಮೇಲೆ ಬ್ರಿಟಾನಿಯಾ ಬಿಸ್ಕತ್ತು ಮಾರಿದ. ಊರನ್ನೇ ನಡುಗಿಸಿದ ಡಕಾಯಿತನಿಗೆ ಗ್ಲೂಕೋಸ್ ಬಿಸ್ಕತ್ತು! 2021ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಕ್ರೆಡ್ ಕಂಪನಿಯ ಜಾಹೀರಾತಿನಲ್ಲಿ ಟ್ರಾಫಿಕ್ಕಿನ ನಡುವೆ ಬ್ಯಾಟು ಬೀಸಿ ಪಕ್ಕದ ಕಾರಿನ ಕನ್ನಡಿ ಒಡೆದು, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿದಾಗ ಕನಕಪುರದ ಟೀ ಅಂಗಡಿಯಲ್ಲೂ ನಕ್ಕರು. ಇಬ್ಬರೂ ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ನೀವು ತಲೆ ಹಾರಿಸಲು ಹುಡುಕುವುದು ಮಾತ್ರ ಯಾವಾಗಲೂ ಪಕ್ಕದವನದು.

ಇನ್ನೊಂದು ಸಮಾಚಾರ. 2025ರಲ್ಲಿ ಸರ್ಕಾರ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದೆ. ಕಾಗದದ ಲೆಕ್ಕದಲ್ಲಿ ಮಾಗಡಿಯವರೂ ನಾವೂ ಈಗ ಬೆಂಗಳೂರಿನವರೇ. ಬಾಯಿ ಬಿಟ್ಟುಕೊಂಡು ನೋಡುವ ಹಳ್ಳಿಗ ಬೇಕಿದ್ದರೆ ಬೇರೆ ಜಿಲ್ಲೆ ಹುಡುಕಿಕೊಳ್ಳಿ.

ಹನ್ನೊಂದು ತಲೆಗಳ ಬಿಲ್ಲು ಇದರ ಜೊತೆಗಿದೆ. ನೀವು ಬಿಟ್ಟು ಹೋದ ಪೇಟವನ್ನು ಲೇತಿನ ಮೋಟರಿಗೆ ಹೊದಿಸಿದ್ದೇನೆ. ಧೂಳು ಕೂರುವುದಿಲ್ಲ, ಒಳ್ಳೇ ಬಟ್ಟೆ.

ಇಂತಿ,
ನಿಮ್ಮ ಆಥೆಂಟಿಕ್ ಅಂಕಲ್