ಲಾರ್ವೀ ಮಹಾತ್ಮೆ

ಚನ್ನಪಟ್ಟಣದ ಬಳಿಯ ಹೊಂಗನೂರಿನ ಸೀಮೆಯಲ್ಲಿ ರೇಷ್ಮೆಹುಳುವಿಗೆ ನಾಲ್ಕು ಜ್ವರಗಳುಂಟು. ಪೊರೆ ಕಳಚುವ ಕಾಲವನ್ನೇ ಸಾಕುವವರು ಜ್ವರವೆನ್ನುವರು. ಐದನೆಯದನ್ನು ಇಂಗ್ಲಿಷ್ ವ್ಯಾಕರಣವು ದಯಪಾಲಿಸಿದೆಯೆಂಬುದು ನನ್ನ ವಿನಮ್ರ ಅಭಿಪ್ರಾಯ. ಹುಳು ಒಂದಾದರೆ ಲಾರ್ವ, ಹಲವಾದರೆ ಲಾರ್ವೀ. ಗೂಡಿನೊಳಗಿನ ಕೋಶ ಒಂದಾದರೆ ಪ್ಯೂಪ, ಹಲವಾದರೆ ಪ್ಯೂಪೀ ಎಂದು ಲ್ಯಾಟಿನ್ನಿನ ಬಹುವಚನ ಪ್ರತ್ಯಯವನ್ನು ರೇಷ್ಮೆಶಾಸ್ತ್ರದ ವಿದ್ಯಾರ್ಥಿಯು ಕಂಠಪಾಠ ಮಾಡುತ್ತಿರಲು, ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಮೆಲ್ಲುವ ಆ ಜೀವಿಗಳು ತಮ್ಮ ವಚನಭೇದವನ್ನು ಲವಲೇಶವೂ ಗಣಿಸದೆ ಕೊಬ್ಬುತ್ತಿರುತ್ತವೆ. ನಮ್ಮ ರೈತನಾದರೋ ‘ಹುಳ ಹಣ್ಣಾಗವೆ’ ಎಂದು ಸಾವಿರಾರನ್ನೂ ಒಂದೇ ಮಾತಿನಲ್ಲಿ ಗೂಡು ಕಟ್ಟುವ ಚಂದ್ರಂಕಿಗೆ ಏರಿಸಿಬಿಡುವನು. ಬಹುತ್ವದ ಭಾರವನ್ನೆಲ್ಲ ಕ್ರಿಯಾಪದವೇ ಹೊರುತ್ತದೆ.

ಲ್ಯಾಟಿನ್ನಿನಲ್ಲಿ ಲಾರ್ವವೆಂದರೆ ಪ್ರೇತ, ಪ್ಯೂಪವೆಂದರೆ ಬೊಂಬೆ. ಬೊಂಬೆಗಳಿಗೆ ಹೆಸರಾದ ಪಟ್ಟಣದ ಮಗ್ಗುಲಿನಿಂದ ರಾಮನಗರದ ಮಾರುಕಟ್ಟೆಗೆ ಸಾಗುವ ಪ್ರತಿಯೊಂದು ಗೂಡಿನಲ್ಲಿಯೂ ರೋಮಿನದೊಂದು ಬೊಂಬೆ ಮಲಗಿರುವುದು ಆಕಸ್ಮಿಕವಾದರೂ ಉಚಿತವೇ ಸರಿ.

ಇಂಗ್ಲಿಷರೂ ಈ ಪ್ರತ್ಯಯಗಳಲ್ಲಿ ಎಡವದವರಲ್ಲ. ಆಕ್ಟೊಪಸ್ ಗ್ರೀಕ್ ಮೂಲದ್ದೆಂಬುದನ್ನು ಮರೆತು, ಲ್ಯಾಟಿನ್ನಿನ ಬಾಲವನ್ನಂಟಿಸಿ ಆಕ್ಟೊಪೈ ಎನ್ನುವವರು ಅವರಲ್ಲಿ ಬಹಳ. ನಾವು ಉದಾರಿಗಳು, ಮೊದಲೇ ಬಹುವಚನವಾದ ಬ್ಯಾಕ್ಟೀರಿಯಾಕ್ಕೂ ‘ಗಳು’ ಹಚ್ಚುವೆವು. ‘ಎಲ್ಲರಿಗೂ’ ಎಂಬರ್ಥದ ಆಮ್ನಿಬಸ್ಸಿನಲ್ಲಿ ಚತುರ್ಥೀ ಬಹುವಚನದ ಬಾಲವಷ್ಟೇ ಉಳಿದು ಬಸ್ಸಾಯಿತು. ಅದಕ್ಕೂ ‘ಗಳು’ ಸೇರಿಸಿದೆವು. ಬಹುವಚನದ ಮೇಲೆ ಬಹುವಚನ ಕುಳಿತಿತೆಂದು ವೈಯಾಕರಣರು ಆಕ್ಷೇಪಿಸಬಹುದು; ಆದರೆ ಸಂತೆಯ ದಿನ ಒಳಗಿನ ಪ್ರಯಾಣಿಕರೂ ಹಾಗೆಯೇ ಕುಳಿತಿರುವುದರಿಂದ ಕಂಡಕ್ಟರು ಅದನ್ನು ದೋಷವೆಂದು ಎಣಿಸುವುದಿಲ್ಲ.